ಅಂಗಡಿಯೊಳಗೆ ಮಾತ್ರ ಸರಿಯಿದ್ದ ಫೋನು

ಆಫ್-ಆನ್ ಅಕ್ಕನಿಗೆ ಆ ಹೆಸರಿಟ್ಟವರು ಅವಳ ಬೀದಿಯವರೇ. ಮೊಬೈಲ್ ಕಂಪನಿಯ ಸೇವಾ ಅಂಗಡಿಯಲ್ಲಿ ಗಾಜಿನ ಕೌಂಟರಿನ ಹಿಂದೆ ಕೂತು, ಬಂದವರಿಗೆಲ್ಲ “ಒಂದ್ಸಲ ಆಫ್ ಮಾಡಿ ಆನ್ ಮಾಡಿ” ಎನ್ನುವುದಷ್ಟೇ ಅವಳ ಉದ್ಯೋಗ ಎಂದು ಅವರ ತಿಳಿವಳಿಕೆ. ಹಾಲು ತರಲು ಹೋದರೆ ಅಂಗಡಿಯವನು, “ಅಕ್ಕಾ, ನಮ್ ಫ್ರಿಜ್ಜು ತಣ್ಣಗಾಗ್ತಿಲ್ಲ, ಆಫ್ ಮಾಡಿ ಆನ್ ಮಾಡ್ಲಾ?” ಎಂದು ಹಲ್ಲು ಕಿರಿಯುತ್ತಿದ್ದ. ಎದುರುಮನೆಯಾತ ಹೆಂಡತಿಯ ಜೊತೆ ಜಗಳವಾಡಿ ಹೊರಗೆ ಬಂದಾಗಲೂ ಅದನ್ನೇ ಕೇಳುತ್ತಿದ್ದ. ಅಕ್ಕನೂ ನಗುತ್ತಿದ್ದಳು. ಸಂಬಳಕ್ಕಾಗಿ ದಿನವಿಡೀ ನಗುವವಳಿಗೆ ಬೀದಿಯಲ್ಲಿ ಇನ್ನೆರಡು ನಗು ನಗುವುದು ಕಷ್ಟವೇನಲ್ಲ.

ಆದರೆ ಆ ಮಾತನ್ನು ಅವಳ ಬಾಯಿಗೆ ತುರುಕಿದವರು ಯಾರು ಎಂದು ಯಾರೂ ಕೇಳಲಿಲ್ಲ. ಆ ಅಂಗಡಿಯಲ್ಲಿ ಎಲ್ಲಕ್ಕೂ ಒಂದು ಗಿಣಿಪಾಠವಿತ್ತು. ಗ್ರಾಹಕರು ಫೋನು ಮುಂದಿಟ್ಟ ಕೂಡಲೇ ಮೊದಲು ಅದನ್ನು ಅಂಗಡಿಯ ವೈಫೈಗೆ ಸೇರಿಸಬೇಕು. ಪಾಪ, ಅವರ ಡೇಟಾ ಖರ್ಚಾಗಬಾರದಲ್ಲ! ಆಮೇಲೆ ಆಫ್ ಮಾಡಿ ಆನ್ ಮಾಡಬೇಕು. ಆಮೇಲೆ ಒಂದು ವಿಡಿಯೊ ಓಡಿಸಿ ತೋರಿಸಬೇಕು. ಕೊನೆಗೆ, “ನೋಡಿ, ಎಲ್ಲಾ ಸರಿಯಾಗಿದೆ, ಇನ್ನೇನಾದ್ರೂ ಸಹಾಯ ಬೇಕಿತ್ತಾ?” ಎನ್ನಬೇಕು. ಮ್ಯಾನೇಜರಿಗೆ ಈ ಮೊದಲನೆಯ ಮೆಟ್ಟಿಲಿನ ಬಗ್ಗೆ ಎಲ್ಲಿಲ್ಲದ ಹೆಮ್ಮೆ. ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ಕೂರಿಸಿಕೊಂಡು, “ಬೇರೆ ಯಾವ ಕಂಪನಿ ಗ್ರಾಹಕರ ಬಗ್ಗೆ ಇಷ್ಟು ಯೋಚನೆ ಮಾಡುತ್ತೆ ಹೇಳಿ” ಎಂದು ಎದೆಯುಬ್ಬಿಸುತ್ತಿದ್ದ.

ಅಕ್ಕನಿಗೆ ಮನೆಯಲ್ಲಿದ್ದವಳು ಒಬ್ಬಳೇ ತಂಗಿ. ಕೂಸಾಗಿದ್ದಾಗ ಬಂದ ಜ್ವರ ತಂಗಿಯ ಕಿವಿಯನ್ನು ತೆಗೆದುಕೊಂಡು ಹೋಗಿತ್ತು. ಕಿವಿ ಹೋದ ಹಿಂದೆಯೇ ಮಾತೂ ಬರದೆ ಉಳಿಯಿತು. ಆದರೆ ಕೋಪಕ್ಕೆ ಏನೂ ಆಗಿರಲಿಲ್ಲ, ಅದು ಸದಾ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅಮ್ಮ ಇದ್ದಷ್ಟು ದಿನ, “ಅವಳ ಬಾಯಿ ನೀನೇ ಕಣೇ” ಎಂದು ದೊಡ್ಡವಳಿಗೆ ಹೇಳುತ್ತಿದ್ದಳು. ದೊಡ್ಡವಳು ಬಾಯಿಯಾದಳು. ಶಾಲೆಯಲ್ಲಿ, ಆಸ್ಪತ್ರೆಯಲ್ಲಿ, ಬಸ್ಸಿನ ಕಂಡಕ್ಟರಿನ ಮುಂದೆ ತಂಗಿ ಕೈಸನ್ನೆ ಮಾಡುವುದು, ಅಕ್ಕ ಅದನ್ನು ಬಾಯಲ್ಲಿ ಹೇಳುವುದು. ಅದರಲ್ಲೊಂದು ಮೋಸವಿತ್ತು. ತಂಗಿ ಬೆಂಕಿಯಂತೆ ಬೈದದ್ದನ್ನು ಅಕ್ಕ ನೀರು ಬೆರೆಸಿ ಹೇಳುತ್ತಿದ್ದಳು. “ನಿನ್ನ ತಲೆಯಲ್ಲಿ ಏನು ತುಂಬಿದೆ?” ಎಂದು ತಂಗಿಯ ಕೈ ಕೇಳಿದರೆ, ಅಕ್ಕನ ಬಾಯಿ “ಸ್ವಲ್ಪ ಬೇಜಾರಾಗಿದೆ ಇವಳಿಗೆ” ಎನ್ನುತ್ತಿತ್ತು. ಎದುರಿಗಿದ್ದವರ ಮುಖ ಕೆಂಪಾಗದ್ದನ್ನು ನೋಡಿಯೇ ತಂಗಿಗೆ ಗೊತ್ತಾಗಿಬಿಡುತ್ತಿತ್ತು. ಆಮೇಲೆ ಮನೆಗೆ ಬಂದು ಅಕ್ಕನ ಜೊತೆ ಜಗಳ.

ದುಭಾಷಿ ಆ್ಯಪ್ ಬಂದ ಮೇಲೆ ಈ ಜಗಳ ನಿಂತಿತು. ಫೋನನ್ನು ಎದುರಿಗಿಟ್ಟುಕೊಂಡು ತಂಗಿ ಸನ್ನೆ ಮಾಡಿದರೆ ಪರದೆಯಲ್ಲಿ ಕೂತ ದುಭಾಷಿ ಅದನ್ನು ನೋಡಿ, ಕರೆಯ ಆ ಕಡೆಯಿದ್ದವರಿಗೆ ಮಾತಿನಲ್ಲಿ ಹೇಳುವಳು. ಅವರು ಹೇಳಿದ್ದನ್ನು ಇವಳಿಗೆ ಕೈಯಲ್ಲಿ ಹೇಳುವಳು. ನೀರು ಬೆರೆಸುವ ಅಭ್ಯಾಸ ಅವಳಿಗಿರಲಿಲ್ಲ. ಇದೊಂದರ ಬಲದ ಮೇಲೆ ತಂಗಿಗೆ ಪಾರ್ಸೆಲ್ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಸ್ಕೂಟರಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಮನೆಮನೆಗೆ ಪಾರ್ಸೆಲ್ ಮುಟ್ಟಿಸುವುದು. ಮನೆ ಸಿಗದಿದ್ದರೆ ಆ್ಯಪ್ ಒತ್ತಿ, ದುಭಾಷಿಯ ಬಾಯಿಂದ ಗ್ರಾಹಕರನ್ನು ವಿಚಾರಿಸುವುದು. ಗ್ರಾಹಕರು ಮಾಡಿದ ಕರೆಯೂ ಅದೇ ಆ್ಯಪಿಗೆ ಬರುತ್ತಿತ್ತು. ಇನ್ನೂ ಕಾಯಂ ಆಗಿರಲಿಲ್ಲ. ದೂರು ಬರದೆ ಇದ್ದರೆ ಕಾಯಂ ಮಾಡುತ್ತೇನೆ ಎಂದು ಸೂಪರ್‌ವೈಸರ್ ಹೇಳಿದ್ದ. ಅಕ್ಕನೇ ಮುತುವರ್ಜಿ ವಹಿಸಿ ತನ್ನ ಅಂಗಡಿಯಿಂದ, ತನ್ನ ಕಂಪನಿಯ ಹೆಸರಿದ್ದ ದೊಡ್ಡ ಪರದೆಯ ಫೋನು ಕೊಡಿಸಿದ್ದಳು. ಅದರಲ್ಲಿ ಎರಡೂ ಕೈ ಪೂರ್ತಿ ಕಾಣುತ್ತಿದ್ದವು. ತಂಗಿಯ ಗೆಳತಿಯರೂ, ಕಿವಿ ಕೇಳದವರೇ, ಒಬ್ಬರ ಹಿಂದೊಬ್ಬರು ಬಂದು ಅದನ್ನೇ ಕೊಂಡರು. ಮ್ಯಾನೇಜರ್ ಅಕ್ಕನ ಬೆನ್ನು ತಟ್ಟಿದ.

ಆಮೇಲೆ ಒಂದು ದಿನ ತಂಗಿಯ ಫೋನಿಗೆ ದೆವ್ವ ಹಿಡಿಯಿತು. ಬೀದಿಗೆ ಬಂದರೆ ದುಭಾಷಿ ಬರುವುದಿಲ್ಲ. ಪರದೆಯ ಮೇಲೆ ಒಂದು ಚಕ್ರ ಸುತ್ತುತ್ತದೆ, ಸುತ್ತುತ್ತದೆ, ಸುತ್ತುತ್ತಲೇ ಇರುತ್ತದೆ. ಉಳಿದದ್ದೆಲ್ಲ ಸರಿ. ಸುದ್ದಿ ಓದಬಹುದು, ಹವಾಮಾನ ನೋಡಬಹುದು, ಹಾಳು ಜಾಹೀರಾತುಗಳಂತೂ ಮಿಂಚಿನ ವೇಗದಲ್ಲಿ ಬರುತ್ತವೆ. ಬೇಕಾದದ್ದೊಂದು ಬರುವುದಿಲ್ಲ. ಯಾರದೋ ಮನೆ ಬಾಗಿಲು ಹುಡುಕುತ್ತ, ಪಾರ್ಸೆಲ್ ಕಂಕುಳಲ್ಲಿಟ್ಟುಕೊಂಡು, ಬಿಸಿಲಿನಲ್ಲಿ ನಿಂತು ತಂಗಿ ಆ ಚಕ್ರವನ್ನು ನೋಡಿದಳು. ಗ್ರಾಹಕರು ಆಫೀಸಿಗೆ ದೂರು ಕೊಟ್ಟರು: ಫೋನ್ ಮಾಡಿದರೆ ಎತ್ತುವುದಿಲ್ಲ, ಪಾರ್ಸೆಲ್ ವಾಪಸ್ ತೆಗೆದುಕೊಂಡು ಹೋಗುತ್ತಾಳೆ, ಸೋಮಾರಿ.

ತಂಗಿ ಅಂಗಡಿಗೆ ಬಂದಳು. ಅಕ್ಕನ ತಂಗಿ ಎಂದು ಹಿಂದಿನ ಬಾಗಿಲಿನಿಂದ ಬರಲಿಲ್ಲ. ಎಲ್ಲರಂತೆ ಟೋಕನ್ ತೆಗೆದುಕೊಂಡು ಸಾಲಿನಲ್ಲಿ ನಿಂತಳು. ಕೌಂಟರಿನಲ್ಲಿ ಫೋನಿಟ್ಟು ಆ್ಯಪ್ ಒತ್ತಿದಳು. ದುಭಾಷಿ ನಗುನಗುತ್ತ ಬಂದು ನಮಸ್ಕಾರ ಮಾಡಿದಳು! ತಂಗಿ ಪೆಚ್ಚಾದಳು. ಅಕ್ಕ ಪಾಠದಂತೆ ಆಫ್ ಮಾಡಿ ಆನ್ ಮಾಡಿ ಕೊಟ್ಟಳು. ತಂಗಿ ಹೊರಗೆ ಹೋದಳು, ಚಕ್ರ ಸುತ್ತಿತು, ತಿರುಗಿ ಬಂದಳು, ದುಭಾಷಿ ಮತ್ತೆ ನಕ್ಕಳು. ಮೂರು ಸಲ ಹೀಗೇ ಆಯಿತು. ಹಿಂದೆ ಕೈಕಟ್ಟಿ ನಿಂತಿದ್ದ ಮ್ಯಾನೇಜರ್, “ಫೋನ್ ಸರಿಯಾಗಿದೆ ಅಂತ ಹೇಳಿ ಕಳಿಸಿ, ಸಾಲು ಬೆಳೀತಿದೆ” ಎಂದ. ಅಕ್ಕ ಅದನ್ನು ಕೈಯಲ್ಲಿ ಹೇಳಬೇಕಾಯಿತು. ದಿನಕ್ಕೆ ಎಷ್ಟೋ ಜನರಿಗೆ ಬಾಯಲ್ಲಿ ಹೇಳಿದ ಮಾತು ಅದು. ಕೈಯಲ್ಲಿ ಹೇಳುವಾಗ ಮಾತ್ರ, ಅದು ಎಷ್ಟು ಹೊಲಸು ಮಾತು ಎಂದು ಅವಳಿಗೆ ಅನ್ನಿಸಿತು.

“ನಾನು ಸುಳ್ಳು ಹೇಳ್ತಿದ್ದೀನಾ?” ಎಂದು ತಂಗಿಯ ಕೈ ಕೇಳಿತು.

“ಹಾಗಲ್ಲ. ಮನೇಲೂ ಸರಿಯಾಗೇ ಇತ್ತಲ್ಲ?”

ತಂಗಿ ಕೌಂಟರಿನ ಬದಿಯಿಂದ ಒಳಗೆ ನುಗ್ಗಿ, ಅಕ್ಕನ ಮಣಿಕಟ್ಟು ಹಿಡಿದು, ಸಾಲಿನವರೆಲ್ಲ ನೋಡುತ್ತಿದ್ದಂತೆ ದರದರ ಎಳೆದುಕೊಂಡು ಬೀದಿಗೆ ಹೋದಳು. ರಸ್ತೆ ದಾಟಿ ದೀಪದ ಕಂಬದ ಬುಡದಲ್ಲಿ ನಿಲ್ಲಿಸಿ ಆ್ಯಪ್ ಒತ್ತಿದಳು. ಚಕ್ರ. ಅಕ್ಕನ ಕೈಹಿಡಿದೇ ಒಂದೊಂದು ಹೆಜ್ಜೆ ಅಂಗಡಿಯ ಕಡೆ ತಂದಳು. ಚಕ್ರ, ಚಕ್ರ. ಗಾಜಿನ ಬಾಗಿಲ ಹತ್ತಿರ ಬಂದದ್ದೇ ಪರದೆಯ ಮೂಲೆಯಲ್ಲಿ ಬೀಸಣಿಗೆಯಂಥ ವೈಫೈ ಗುರುತು ಮೂಡಿತು, ದುಭಾಷಿ ನಮಸ್ಕಾರ ಮಾಡಿದಳು.

ಅಕ್ಕ ಅಲ್ಲೇ ಮೆಟ್ಟಿಲ ಮೇಲೆ ಕಂಬದಂತೆ ನಿಂತುಬಿಟ್ಟಳು. ಮನೆಯಲ್ಲಿ ವೈಫೈ. ಅಂಗಡಿಯಲ್ಲಿ ವೈಫೈ. ಒಂದು ಸಲ ಸೇರಿಸಿದ ಫೋನು ಮುಂದಿನ ಸಲ ಬಾಗಿಲು ದಾಟುವಾಗಲೇ ತಾನಾಗಿ ಸೇರಿಕೊಳ್ಳುತ್ತದೆ. ಕೆಡುವುದು ಟವರಿನ ಡೇಟಾದಲ್ಲಿ, ಅಂದರೆ ಬೀದಿಯಲ್ಲಿ. ಅಂಗಡಿಯವರೋ ಬೀದಿಯ ಕಾಯಿಲೆಯನ್ನು ಒಳಗೆ ಕರೆದು ಪರೀಕ್ಷೆ ಮಾಡುತ್ತಿದ್ದಾರೆ! “ಇಲ್ಲಿ ಸರಿಯಾಗುತ್ತೆ ಮೇಡಂ, ಆಚೆ ಹೋದ್ರೆ ಕೆಡುತ್ತೆ” ಎಂದು ಅಂಗಲಾಚಿದವರನ್ನೆಲ್ಲ ಇಡೀ ಅಂಗಡಿ ಹುಚ್ಚರ ಹಾಗೆ ನೋಡಿ ಕಳಿಸಿತ್ತು. ಅಕ್ಕನ ಮೈಯೆಲ್ಲ ಉರಿದುಹೋಯಿತು. ತಂಗಿಯನ್ನು ಅಲ್ಲೇ ನಿಲ್ಲಲು ಹೇಳಿ, ಫೋನು ಕಸಿದುಕೊಂಡು, ಧಡಧಡ ಮೇಲಿನ ಮಹಡಿಗೆ ಹತ್ತಿದಳು.

ಮೇಲೆ ನೆಟ್‌ವರ್ಕ್ ಎಂಜಿನಿಯರ್ ಕೂರುತ್ತಿದ್ದ. ಒಳ್ಳೆಯವನೇ, ಸಿಕ್ಕಾಗ ಅಕ್ಕನ ತಂಗಿಯ ಕ್ಷೇಮ ಕೇಳುವವನು. ಅಕ್ಕ ಏದುಸಿರು ಬಿಡುತ್ತ ಹೇಳಿದ್ದನ್ನೆಲ್ಲ ಕೇಳಿ ಅವನಿಗೆ ಆಶ್ಚರ್ಯವೇ ಆಗಲಿಲ್ಲ.

“ಹ್ಞೂಂ, ಆ ಮಾಡೆಲ್ಲು. ಗೊತ್ತು,” ಎಂದ.

“ಗೊತ್ತಾ?”

“ಕೂತ್ಕೊಳ್ಳಿ ಮೇಡಂ. ಇಂಟರ್ನೆಟ್ಟಲ್ಲಿ ಪ್ರತಿ ಫೋನಿಗೂ ಒಂದು ವಿಳಾಸ ಬೇಕು, ಮನೆ ನಂಬರ್ ಇದ್ದ ಹಾಗೆ. ಹಳೇ ಥರದ ನಂಬರ್‌ಗಳು ಹೆಚ್ಚುಕಮ್ಮಿ ಮುಗಿದುಹೋದ್ವು. ಅದಕ್ಕೇ ಉದ್ದುದ್ದ ಹೊಸ ವಿಳಾಸ ಬಂದಿರೋದು. ನಮ್ಮ ಟವರ್‌ಗಳು ಹೋದ ತಿಂಗಳಿಂದ ಹೊಸದನ್ನಷ್ಟೇ ಕೊಡ್ತಿವೆ. ವೈಫೈ ಆದ್ರೆ ಹಳೇದನ್ನೂ ಕೊಡುತ್ತೆ. ಆದ್ರೆ ಕೆಲವು ಆ್ಯಪ್‌ಗಳಿಗೆ ಇನ್ನೂ ಹಳೇ ವಿಳಾಸವೇ ಗೊತ್ತಿರೋದು. ಬೇರೆ ಫೋನ್‌ಗಳ ಒಳಗೆ ಒಂದು ಸಣ್ಣ ಸಾಫ್ಟ್‌ವೇರ್ ಇರುತ್ತೆ, ಹಳೇದನ್ನ ಹೊಸದಕ್ಕೆ ತಿರುಗಿಸಿ ಕೊಡೋಕೆ. ನಿಮ್ಮ ತಂಗಿಯ ದುಭಾಷಿ ಇದ್ದಾರಲ್ಲ, ಹಾಗೆ. ಈ ಮಾಡೆಲ್‌ನಲ್ಲಿ ಅದನ್ನ ಹಾಕೇ ಇಲ್ಲ.”

“ಪೆಟ್ಟಿಗೆ ಮೇಲೆ ಹೊಸ ವಿಳಾಸಕ್ಕೆ ಬೆಂಬಲ ಇದೆ ಅಂತ ದೊಡ್ಡದಾಗಿ ಬರ್ದಿದೆ.”

“ಸುಳ್ಳೇನಲ್ಲ. ಹೊಸದಕ್ಕಿದೆ. ಹೊಸದರಿಂದ ಹಳೇದಕ್ಕೆ ಹೋಗೋ ದಾರಿ ಇಲ್ಲ, ಅಷ್ಟೇ.”

ಅಷ್ಟೇ! ಅಕ್ಕನಿಗೆ ಆ ಪದ ಕೆನ್ನೆಗೆ ಹೊಡೆದಂತಾಯಿತು. “ಮಾರೋ ಮುಂಚೆ ಯಾರೂ ನೋಡ್ಲಿಲ್ವಾ?”

“ನೋಡಿದ್ರು. ಇಲ್ಲೇ ನೋಡಿದ್ದು.” ಎಂಜಿನಿಯರ್ ಚಾವಣಿಗೆ ಅಂಟಿಸಿದ್ದ ವೈಫೈ ಡಬ್ಬಿಯ ಕಡೆ ಗಲ್ಲ ಎತ್ತಿ ತೋರಿಸಿದ. “ಎಲ್ಲಾ ಪಾಸಾಯ್ತು.”

ಅವನು ಮಾತಾಡುತ್ತಲೇ ಫೋನು ತೆಗೆದುಕೊಂಡು ಸಿಮ್ಮಿನ ಸೆಟ್ಟಿಂಗ್ ಒಳಗೆ ಹೋದ. ವಿಳಾಸದ ಬಗೆ ಎಂಬಲ್ಲಿ ‘ಹೊಸದು ಮಾತ್ರ’ ಎಂದಿದ್ದುದನ್ನು ‘ಎರಡೂ’ ಎಂದು ಬದಲಿಸಿದ. ಹಾಗೆ ಕೇಳಿಕೊಂಡ ಫೋನಿಗೆ ಟವರು ಉಳಿದಿರುವ ಹಳೇ ವಿಳಾಸಗಳಲ್ಲಿ ಒಂದನ್ನು ಕೊಡುತ್ತದಂತೆ. ಬೆಣ್ಣೆಯಿಂದ ಕೂದಲು ತೆಗೆದಂತೆ ಮುಗಿಯಿತು. ವೈಫೈ ಆಫ್ ಮಾಡಿ ನೋಡಿದರೆ ದುಭಾಷಿ ಬಂದಳು. ಇಷ್ಟೇ ಇಷ್ಟು ಕೆಲಸಕ್ಕೆ ತನ್ನ ತಂಗಿ ಬಿಸಿಲಲ್ಲಿ ಬೆಂದಳೇ ಎಂದು ಅಕ್ಕನಿಗೆ ಅಳು ಬಂತು. ಅಳಲಿಲ್ಲ. ಅಷ್ಟರಲ್ಲಿ ಮ್ಯಾನೇಜರ್ ಮೇಲೆ ಬಂದಿದ್ದ.

“ನಿಮ್ಮ ತಂಗಿ ಅಂತ ಮಾಡಿಕೊಟ್ಟಿದ್ದಾರೆ,” ಎಂದ ಮೆತ್ತಗೆ. “ಇದು ಇಲ್ಲೇ ಇರಲಿ. ಹಳೇ ವಿಳಾಸ ಉಳಿದಿರೋದೇ ಸ್ವಲ್ಪ. ಎಲ್ರಿಗೂ ಹೇಳಿದ್ರೆ ಸಾಲಲ್ಲ. ಅದೂ ಅಲ್ದೆ ಗೋಡೌನ್ ತುಂಬ ಆ ಮಾಡೆಲ್ಲು ಬಿದ್ದಿದೆ. ಅದು ಖಾಲಿಯಾಗಲಿ, ಆಮೇಲೆ ಹೇಳೋಣ.”

“ಅಂದ್ರೆ, ಪೂರ್ತಿ ಮಾರಿ ಮುಗಿದ ಮೇಲೆ, ಕೊಂಡವರಿಗೆ ಹೇಳೋದು?”

“ಮೇಲಿನವರ ಆದೇಶ. ನೀವು ಕೌಂಟರಲ್ಲಿ ಏನು ಹೇಳ್ತಿದ್ರೋ ಅದನ್ನೇ ಹೇಳಿ.”

ಅಕ್ಕ ಹಲ್ಲು ಕಚ್ಚಿ ಕೆಳಗಿಳಿದಳು. ತಂಗಿಯ ಕೆಲಸ ಉಳಿಯಿತಲ್ಲ, ಸದ್ಯ ಅಷ್ಟು ಸಾಕು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಮೆಟ್ಟಿಲ ಮೇಲೆ ಕಾಯುತ್ತಿದ್ದ ತಂಗಿಗೆ ಫೋನು ಕೊಟ್ಟು, ಏನು ಮಾಡಿದರೆಂದು ವಿವರಿಸಿ, ಯಾರಿಗೂ ಹೇಳಬೇಡ ಎಂದಳು. ತಂಗಿ ರಸ್ತೆ ದಾಟಿ ಕಂಬದ ಬುಡಕ್ಕೆ ಹೋಗಿ ಆ್ಯಪ್ ಒತ್ತಿ ನೋಡಿದಳು. ಅಲ್ಲಿಂದಲೇ ಎರಡೂ ಕೈ ಮೇಲೆತ್ತಿ ಕುಣಿದಳು. ಆಮೇಲೆ ಕೈ ಇಳಿಸಿ, “ಯಾರಿಗೂ ಅಂದರೆ? ನನ್ನ ಗೆಳತಿಯರಿಗೂ?” ಎಂದು ರಸ್ತೆಯಾಚೆಯಿಂದಲೇ ಕೇಳಿದಳು. ಅಕ್ಕ ನೋಡದವಳಂತೆ ಒಳಗೆ ಹೋದಳು.

ಸಮಾಧಾನ ಸಂಜೆಯವರೆಗೂ ಬಾಳಲಿಲ್ಲ. ಅಕ್ಕ ಮನೆಗೆ ಬಂದಾಗ ತಂಗಿ ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ಪಾರ್ಸೆಲ್ ಆಫೀಸಿನ ಅಂಗಿ ಮುದ್ದೆಯಾಗಿ ಮೂಲೆಯಲ್ಲಿ ಬಿದ್ದಿತ್ತು. ಅವಳು ಹರುಷದಿಂದ ಹೋಗಿ ಸೂಪರ್‌ವೈಸರಿಗೆ ಫೋನು ಸರಿಯಾಯಿತು ಎಂದು ತೋರಿಸಿದ್ದಳಂತೆ. ಅವನು ಮೊಬೈಲ್ ಅಂಗಡಿಗೆ ಫೋನ್ ಮಾಡಿ ಆ ಮಾಡೆಲ್ಲಿನಲ್ಲಿ ಏನಾದರೂ ತೊಂದರೆ ಇತ್ತೇ ಎಂದು ವಿಚಾರಿಸಿದನಂತೆ. ಮ್ಯಾನೇಜರೇ ಎತ್ತಿಕೊಂಡು, “ಯಾವ ತೊಂದರೇನೂ ಇಲ್ಲ, ಯಾವತ್ತೂ ಇರಲಿಲ್ಲ” ಎಂದನಂತೆ. ಫೋನು ಯಾವತ್ತೂ ಕೆಟ್ಟಿರಲೇ ಇಲ್ಲ ಎಂದ ಮೇಲೆ ಎತ್ತದೆ ಇದ್ದವಳು ಇವಳೇ ಅಂದಹಾಗಾಯಿತು. ಸೋಮಾರಿತನವನ್ನಾದರೂ ಸಹಿಸಬಹುದು, ಸುಳ್ಳನ್ನು ಸಹಿಸುವುದಿಲ್ಲ ಎಂದು ಅವನು ಸ್ಕೂಟರಿನ ಬೀಗದ ಕೈ ಇಸಿದುಕೊಂಡ.

ಅಕ್ಕನ ಸಿಟ್ಟು ನೆತ್ತಿಗೇರಿತು. “ನಡಿ, ನಾಳೆ ನಾನೇ ಬಂದು ಅವನಿಗೆ ಹೇಳ್ತೀನಿ.”

ತಂಗಿ ಎದ್ದು ನಿಂತಳು. ಅವಳ ಕೈಗಳು ಗಾಳಿಯನ್ನು ಸೀಳುವಂತೆ ಆಡಿದವು. “ನೀನು ಬರಬೇಡ. ಅಲ್ಲಿಗೆ ಬಂದರೆ ನೀನು ನನ್ನ ಅಕ್ಕ. ಅಕ್ಕ ತಂಗಿಯ ಪರ ಹೇಳಿದ್ದನ್ನು ಯಾರು ನಂಬುತ್ತಾರೆ? ನಿನ್ನ ಕುರ್ಚಿಯಲ್ಲಿ ಕೂತು ಹೇಳು. ಕಂಪನಿಯ ಬಾಯಿಂದ ಹೇಳು. ನಾಳೆ ಅವನ ಪಕ್ಕದಲ್ಲೇ ನಿಂತು ನಿನ್ನ ಕೌಂಟರಿಗೆ ಕರೆ ಮಾಡುತ್ತೇನೆ, ಗ್ರಾಹಕಳಾಗಿ. ಎತ್ತುತ್ತೀಯೋ ಇಲ್ಲವೋ?”

“ನನ್ನ ಕೆಲಸ ಹೋಗುತ್ತೆ ಕಣೇ.”

“ನಂದು ಹೋಯಿತು. ನಾನು ಏನೂ ತಪ್ಪು ಮಾಡದೆ ಹೋಯಿತು.”

ಇಬ್ಬರೂ ಊಟ ಮಾಡದೆ ಮಲಗಿದರು.

ಮರುದಿನ ಬೆಳಗ್ಗೆ ಅಕ್ಕ ಎಂದಿನಂತೆ ಕೌಂಟರಿನಲ್ಲಿ ಕೂತಳು. ಅಂಗಡಿ ತುಂಬಿತ್ತು. ಮೊದಲು ಬಂದ ಹೆಂಗಸಿನ ಕೈಯಲ್ಲಿ ಅದೇ ದೊಡ್ಡ ಪರದೆಯ ಫೋನಿತ್ತು. ದೂರದಲ್ಲಿರುವ ಮಗಳ ಜೊತೆ ಮಾತಾಡುವ ಆ್ಯಪ್ ದಾರಿಯಲ್ಲಿ ನಡೆಯುವುದಿಲ್ಲವಂತೆ. ಅಕ್ಕ ಗಿಣಿಪಾಠ ಒಪ್ಪಿಸಲು ಬಾಯಿ ತೆರೆದಳು, ಬರಲಿಲ್ಲ. ಕೂತಿರಿ ಎಂದಷ್ಟೇ ಹೇಳಿದಳು. ಎರಡನೆಯವರಿಗೂ ಕೂತಿರಿ ಎಂದಳು. ಬೆಂಚು ತುಂಬಿತು. ಮ್ಯಾನೇಜರ್ ಅನುಮಾನದಿಂದ ಹತ್ತಿರ ಬಂದು ನಿಂತ.

ಕೌಂಟರಿನ ಫೋನು ರಿಂಗಾಯಿತು. ಅಕ್ಕ ಎತ್ತಿದಳು.

“ನಮಸ್ಕಾರ,” ಎಂದಿತು ಗುರುತಿಲ್ಲದ ಹೆಣ್ಣುದನಿ. “ನಾನು ದುಭಾಷಿ. ಕಿವಿ ಕೇಳದ ಗ್ರಾಹಕರೊಬ್ಬರು ಸನ್ನೆಯಲ್ಲಿ ಹೇಳಿದ್ದನ್ನ ನಿಮಗೆ ಹೇಳ್ತೀನಿ. ಕರೆ ಸ್ಪೀಕರಲ್ಲಿದೆ, ಅವರ ಸೂಪರ್‌ವೈಸರ್ ಜೊತೆಗಿದ್ದಾರೆ.” ತುಸು ತಡೆದು, ಅದೇ ದನಿ ಬೇರೆಯದೇ ಆಯಿತು. “ನಿಮ್ಮ ಅಂಗಡಿಗೆ ನಾನು ಎಷ್ಟು ಸಲ ಬಂದೆ, ಗೊತ್ತಲ್ಲ? ಪ್ರತಿ ಸಲಾನೂ ಫೋನ್ ಸರಿಯಿದೆ ಅಂತ ಕಳಿಸಿದ್ರಿ. ನನ್ನನ್ನ ಸುಳ್ಳಿ ಮಾಡಿದ್ರಿ. ನನ್ನ ಅನ್ನ ಕಿತ್ಕೊಂಡ್ರಿ. ಈಗ ಒಂದೇ ಮಾತು ಹೇಳಿ. ತಪ್ಪು ನನ್ನದಾ, ನಿಮ್ಮದಾ?”

ಇಷ್ಟು ವರ್ಷ ತಂಗಿಯ ಸಿಟ್ಟನ್ನು ಅಕ್ಕ ಕಣ್ಣಿನಿಂದ ನೋಡಿದ್ದಳು. ಕಿವಿಯಿಂದ ಕೇಳಿದ್ದು ಇದೇ ಮೊದಲು. ಅದರಲ್ಲಿ ಒಂದು ತೊಟ್ಟೂ ನೀರಿರಲಿಲ್ಲ. ಮ್ಯಾನೇಜರ್ ಬಗ್ಗಿ, ಯಾರು ಎಂದು ಹುಬ್ಬು ಹಾರಿಸಿದ. ಆಮೇಲೆ ಅರ್ಥವಾಗಿ, ಬೇಡ ಎಂದು ಬೆರಳಾಡಿಸಿದ.

“ನಮ್ಮದು,” ಎಂದಳು ಅಕ್ಕ. ಗಂಟಲಿನಿಂದ ಪಿಸುಮಾತಿನಂತೆ ಬಂತು.

ಮ್ಯಾನೇಜರ್ ಕರೆ ಕತ್ತರಿಸಲು ಕೈ ಚಾಚಿದ. ಅಕ್ಕ ಫೋನಿನ ಪೆಟ್ಟಿಗೆಯನ್ನೇ ಎತ್ತಿ ಎದೆಗವಚಿಕೊಂಡು ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಉರುಳಿತು. ಬೆಂಚಿನ ಮೇಲಿದ್ದವರೆಲ್ಲ ತಲೆಯೆತ್ತಿ ನೋಡಿದರು.

ಆ ಕಡೆಯಿಂದ ದುಭಾಷಿ, ತಾನು ಯಾರಿಗೆ ಏನು ಹೇಳುತ್ತಿದ್ದೇನೆಂಬುದು ಗೊತ್ತಿಲ್ಲದೆ, ಕಂಡದ್ದನ್ನು ಕಂಡಹಾಗೆ ಹೇಳಿದಳು.

“ಅಕ್ಕಾ. ಕೇಳಿಸಲಿಲ್ವಂತೆ ಇವರಿಗೆ. ಜೋರಾಗಿ ಹೇಳು.”

ಅಕ್ಕಾ ಎಂದು ತಂಗಿ ಅವಳನ್ನು ಕಿವಿಗೆ ಕೇಳುವಂತೆ ಕರೆದದ್ದು ಹುಟ್ಟಿದಮೇಲೆ ಅದೇ ಮೊದಲು. ಅವಳ ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. ಮ್ಯಾನೇಜರ್ ಏನೋ ಕೂಗುತ್ತಿದ್ದ. ಅವನಿಗಿಂತ ಜೋರಾಗಿ, ಇಡೀ ಅಂಗಡಿಗೆ, ಬಾಗಿಲಾಚೆಯ ಬೀದಿಗೂ ಕೇಳುವಂತೆ ಅವಳು ಹೇಳಿದಳು: ತಪ್ಪು ನಮ್ಮದು, ದೊಡ್ಡ ಪರದೆಯ ಫೋನಿನದು, ಅದು ನಮಗೆ ಗೊತ್ತಿತ್ತು. ಸರಿಮಾಡುವುದು ಹೇಗೆಂದೂ ಹೇಳಿದಳು. ಬೆಂಚಿನ ಮೇಲಿದ್ದವರು ಫೋನು ಹೊರತೆಗೆದು, ಯಾವ ಸೆಟ್ಟಿಂಗು, ಇನ್ನೊಮ್ಮೆ ಹೇಳಿ ಎಂದು ಕೇಳಿದರು. ಅವಳು ಇನ್ನೊಮ್ಮೆ ಹೇಳಿದಳು.